ಮುಷ್ಟಿಯೊಳಗಿನ ಗೋಲಿ: ಹೊಡೆದಾಡುವ ಹುಡುಗರಿಗೆ ಶಾಂತಿ ಪಾಠ ನಾಟುತ್ತದಾ?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ಕಳೆದ ತಿಂಗಳು ನಮ್ಮ ಒಂಬತ್ತನೇ ಮತ್ತು ಹತ್ತನೇ ತರಗತಿಯ ಹುಡುಗರು ಬಸ್ ಸ್ಟ್ಯಾಂಡ್ ಹತ್ತಿರ ಹೊಡೆದಾಡಿಕೊಂಡರು. ಶುರುವಾಗಿದ್ದು ಇನ್‌ಸ್ಟಾಗ್ರಾಂನಲ್ಲಿ ಯಾರೋ ಹಾಕಿದ ಒಂದು ಕಮೆಂಟಿನಿಂದ. ಒಬ್ಬ ಹುಡುಗನ ತಲೆಗೆ ಆರು ಹೊಲಿಗೆ ಬಿದ್ದಿದೆ. ಪೊಲೀಸರನ್ನು ಕರೆಸಿ ಸ್ವಲ್ಪ ಹೆದರಿಸಿ ಅಂತ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಹೇಳುತ್ತಿದ್ದಾರೆ. ನನಗೆ ಮಾತ್ರ ಅಮೆರಿಕದ ಅಜೀಂ ಖಮೀಸಾ ಅವರ ವಿಡಿಯೊ ನೆನಪಾಗುತ್ತಿದೆ. ಮಗನನ್ನು ಕೊಂದ ಹುಡುಗನ ಅಜ್ಜನ ಜೊತೆಗೇ ಶಾಲೆ ಶಾಲೆಗೆ ಹೋಗಿ ಮಕ್ಕಳ ಹತ್ತಿರ ಮಾತಾಡಿದವರು ಅವರು. ಅಂಥ ಕಥೆ ಕೇಳಿಸಿದರೆ ನಮ್ಮ ಮಕ್ಕಳು ಬದಲಾಗುತ್ತಾರಾ? ನಮ್ಮ ಎಚ್.ಎಂ. ವಾರಕ್ಕೊಂದು ಪೀರಿಯಡ್ ಕೊಡಲು ಒಪ್ಪಿದ್ದಾರೆ. ಅದರಲ್ಲಿ ಏನು ಮಾಡಲಿ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಕೊನೆಯ ಸಾಲು. ವಾರಕ್ಕೊಂದು ಪೀರಿಯಡ್ ಸಿಕ್ಕಿದೆಯಲ್ಲ, ಅದು ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಖಮೀಸಾ ಅವರ ಕಥೆಯನ್ನೇ ನೋಡೋಣ. ಆ ಕಥೆ ಹೇಳುವವರು ಸಾಮಾನ್ಯವಾಗಿ ಕ್ಷಮೆಯ ಭಾಗಕ್ಕೆ ಬಂದು ನಿಲ್ಲಿಸಿಬಿಡುತ್ತಾರೆ. ನಿಮಗೆ ಬೇಕಾದದ್ದು ಅದರ ಹಿಂದೆ ಮತ್ತು ಮುಂದೆ ಇದೆ.

1995ರ ಜನವರಿ 21, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರ. ಅಜೀಂ ಅವರ ಮಗ ತಾರಿಕ್ ಖಮೀಸಾಗೆ ಆಗ 20 ವರ್ಷ. ಕಾಲೇಜಿನಲ್ಲಿ ಓದುತ್ತಾ ಪಿಜ್ಜಾ ತಲುಪಿಸುವ ಕೆಲಸ ಮಾಡುತ್ತಿದ್ದ. ಹುಡುಗರ ಗುಂಪೊಂದು ಸುಳ್ಳು ಆರ್ಡರ್ ಕೊಟ್ಟು ಅವನನ್ನು ಕರೆಸಿಕೊಂಡಿತು. ಪಿಜ್ಜಾ ಕಿತ್ತುಕೊಳ್ಳಲು ನೋಡಿತು. ಅವನು ಕೊಡದೆ ಕಾರು ಹತ್ತಿದ. ಗುಂಪಿನ ದೊಡ್ಡವನು, 18 ವರ್ಷದವನು, ಹೊಡಿ ಅಂದ. 14 ವರ್ಷದ ಟೋನಿ ಹಿಕ್ಸ್ ಗುಂಡು ಹಾರಿಸಿದ. ಒಂದೇ ಗುಂಡು. ತಾರಿಕ್ ಅಲ್ಲೇ ಹೋಗಿಬಿಟ್ಟ. ಕ್ಯಾಲಿಫೋರ್ನಿಯಾದಲ್ಲಿ 14 ವರ್ಷದವರನ್ನೂ ದೊಡ್ಡವರಂತೆ ವಿಚಾರಣೆ ಮಾಡಬಹುದು ಎಂಬ ಕಾನೂನು ಆಗ ತಾನೇ ಬಂದಿತ್ತು. ಟೋನಿಗೆ 25 ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆಯಾಯಿತು. ಅವನು ಹೊರಬಂದದ್ದು 2019ರಲ್ಲಿ.

ಬಂದೂಕಿನ ಎರಡೂ ತುದಿಯಲ್ಲಿ ಬಲಿಯಾದವರಿದ್ದಾರೆ ಎಂದು ಅಜೀಂ ಖಮೀಸಾ ಹೇಳಿದ್ದು ಈ ದುಃಖದ ನಡುವೆಯೇ. ಅದೇ ವರ್ಷ ಮಗನ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಶುರು ಮಾಡಿದರು. ಟೋನಿಯನ್ನು ಸಾಕಿದ್ದ ಅಜ್ಜ ಪ್ಲೆಸ್ ಫೀಲಿಕ್ಸ್ ಅವರನ್ನು ಹುಡುಕಿಕೊಂಡು ಹೋಗಿ, ನಮ್ಮ ಜೊತೆ ಬನ್ನಿ ಅಂದರು. ಇಬ್ಬರೂ ಅಕ್ಕಪಕ್ಕ ನಿಂತು ಮಕ್ಕಳ ಮುಂದೆ ಮಾತಾಡಿದರು. ನೀವು ವಿಡಿಯೊದಲ್ಲಿ ನೋಡಿದ್ದು ಅದನ್ನೇ.

ಈಗ ಆ ರಾತ್ರಿಯನ್ನು ಇನ್ನೊಮ್ಮೆ ನೋಡಿ. ಟೋನಿಗೆ ತಾರಿಕ್ ಮೇಲೆ ದ್ವೇಷ ಇರಲಿಲ್ಲ. ಅವನು ಯಾರು ಅಂತಲೇ ಗೊತ್ತಿರಲಿಲ್ಲ. ಹೇಳುವವನೊಬ್ಬ ಇದ್ದ, ನೋಡುವವರು ಇದ್ದರು, ಯೋಚಿಸಲು ಸಿಕ್ಕಿದ್ದು ಕೆಲವೇ ಸೆಕೆಂಡು. ನಿಮ್ಮ ಬಸ್ ಸ್ಟ್ಯಾಂಡಿನ ಜಗಳದಲ್ಲೂ ಇವೇ ಮೂರು ಇದ್ದವಲ್ವಾ? ಬಂದೂಕು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಹದಿಹರೆಯದ ಹೊಡೆದಾಟಗಳ ಬಗ್ಗೆ ನನಗೆ ತಿಳಿದಿರುವುದರಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ. ಹೆಚ್ಚಿನ ಹುಡುಗರು ಕೆಟ್ಟವರಾಗಿ ಹೊಡೆಯುವುದಿಲ್ಲ. ಆ ಕೆಲವು ಸೆಕೆಂಡಿನಲ್ಲಿ, ಆ ಕಣ್ಣುಗಳ ಮುಂದೆ, ಕೈಗೆ ಬೇರೆ ದಾರಿ ಗೊತ್ತಿರುವುದಿಲ್ಲ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಕಥೆ ಮನಸ್ಸಿನ ಬಾಗಿಲು ತೆರೆಯುತ್ತದೆ. ಬರೀ ಕಥೆ ಕೇಳಿ ಕೈ ನಿಲ್ಲುವುದಿಲ್ಲ. ಆ ಪ್ರತಿಷ್ಠಾನದವರೂ ಭಾಷಣಕ್ಕೆ ನಿಲ್ಲಿಸಲಿಲ್ಲ. ತರಗತಿಯಲ್ಲಿ ಪಾಠ, ಮಕ್ಕಳೇ ನಡೆಸುವ ಕೂಟ, ದಾರಿ ತಪ್ಪುವ ಅಪಾಯದಲ್ಲಿರುವ ಮಕ್ಕಳ ಜೊತೆ ತಿಂಗಳುಗಟ್ಟಲೆ ಇರುವ ಒಬ್ಬ ದೊಡ್ಡವರು, ಹೀಗೆ ಬೆಳೆಸಿಕೊಂಡು ಹೋದರು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಶಾಲೆಗಳಲ್ಲಿ ಆಪ್ತ ಸಮಾಲೋಚನೆ ಶುರು ಮಾಡಿದ ಹೊಸದರಲ್ಲಿ ಒಂದು ಪ್ರೌಢಶಾಲೆಯಲ್ಲಿ ಇಡೀ ದಿನದ ಶಾಂತಿ ಶಿಬಿರ ಮಾಡಿದ್ದೆ. ಹಾಡು, ನಾಟಕ, ಸಂಜೆ ಮೊಂಬತ್ತಿ ಹಿಡಿದು ಪ್ರತಿಜ್ಞೆ. ಮಕ್ಕಳು ಅತ್ತರು, ನಾನೂ ಅತ್ತೆ. ಹತ್ತು ದಿನ ಆಗಿರಲಿಲ್ಲ, ಪ್ರತಿಜ್ಞೆ ಹೇಳಿಕೊಟ್ಟ ಹುಡುಗನೇ ನೀರಿನ ಟ್ಯಾಂಕ್ ಹತ್ತಿರ ಒಬ್ಬನ ಹಲ್ಲು ಮುರಿದ. ಮತ್ತೆ ಹೋಗಿ ಅವನ ಜೊತೆ ಕೂತೆ. ಅವನು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಮಿಸ್, ಪ್ರತಿಜ್ಞೆ ಮಾಡುವಾಗ ನಿಜವಾಗ್ಲೂ ಮಾಡಿದ್ದೆ. ಅವನು ಎಲ್ಲರ ಮುಂದೆ ಅಮ್ಮನ ಬಗ್ಗೆ ಅಂದಾಗ ಏನೂ ನೆನಪಿಗೆ ಬರ್ಲಿಲ್ಲ." ಅವನು ಸುಳ್ಳು ಹೇಳಲಿಲ್ಲ. ಬಿಸಿಯಾದ ಹೊತ್ತಿನಲ್ಲಿ ಬಳಸಲು ಬೇಕಾದದ್ದನ್ನು ನಾನು ಅವನಿಗೆ ಕೊಟ್ಟೇ ಇರಲಿಲ್ಲ.

ಪೊಲೀಸರನ್ನು ಕರೆಸಿ ಹೆದರಿಸುವ ವಿಚಾರ. ದಯವಿಟ್ಟು ಇದನ್ನು ಎಸ್‌ಡಿಎಂಸಿಯವರಿಗೆ ಓದಿ ಹೇಳಿ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ 'ಸ್ಕೇರ್ಡ್ ಸ್ಟ್ರೈಟ್' ಎಂಬ ಯೋಜನೆ ಶುರುವಾಯಿತು. ಹೆದರಿಸಿ ದಾರಿಗೆ ತರುವುದು ಅಂತ ಅರ್ಥ. ಪುಂಡಾಟ ಮಾಡುವ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗುವುದು. ಜೀವಾವಧಿ ಶಿಕ್ಷೆಯವರು ಮುಖಕ್ಕೆ ಮುಖ ಕೊಟ್ಟು ಕೂಗಾಡಿ, ಒಳಗೆ ಬಂದರೆ ಏನಾಗುತ್ತದೆ ಅಂತ ತೋರಿಸುವುದು. ಜನಕ್ಕೆ ತುಂಬಾ ಹಿಡಿಸಿತು, ಊರೂರಿಗೆ ಹಬ್ಬಿತು. ಆಮೇಲೆ ಸಂಶೋಧಕರು ಹೋಗಿಬಂದ ಹುಡುಗರನ್ನೂ ಹೋಗದ ಹುಡುಗರನ್ನೂ ಹೋಲಿಸಿ ನೋಡಿದರು. ಹೋಗಿಬಂದವರೇ ಜಾಸ್ತಿ ತಪ್ಪು ಮಾಡಿದ್ದರು. ಒಂದು ಅಧ್ಯಯನ ಅಲ್ಲ, ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಇದೇ ಬಂತು.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹದಿನೈದರ ಹುಡುಗನಿಗೆ ನಾಲ್ಕು ಜನರ ಮುಂದೆ ಭಯ ಹುಟ್ಟಿಸಿದರೆ, ತನಗೆ ಭಯ ಇಲ್ಲ ಅಂತ ತೋರಿಸುವುದೇ ಅವನ ಕೆಲಸವಾಗುತ್ತದೆ. ಪೊಲೀಸರು ಶಾಲೆಗೆ ಬರಬಾರದು ಅಂತಲ್ಲ. ಕಾನೂನು ತಿಳಿಸಲಿ, ಮಕ್ಕಳ ಪ್ರಶ್ನೆಗೆ ಉತ್ತರಿಸಲಿ. ಲಾಠಿ ತೋರಿಸುವುದು ಬೇಡ.

ಇನ್ನು ಕೆಲಸ ಮಾಡುವುದು ಏನು? ನಾನು ಎಲ್ಲಾ ಕಡೆ ಹೇಳುವ ಉದಾಹರಣೆ ಷಿಕಾಗೊದ್ದು. ಅಲ್ಲಿ ಯೂತ್ ಗೈಡೆನ್ಸ್ ಎಂಬ ಸಂಸ್ಥೆ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮ ನಡೆಸುತ್ತದೆ. ಗಂಡಸಾಗುವುದು ಅಂದರೇನು ಅಂತ ಹುಡುಗರು ಕೂತು ಮಾತಾಡುವ ಜಾಗ ಅದು. ಶಾಲೆಯ ಹೊತ್ತಿನಲ್ಲೇ ವಾರಕ್ಕೊಂದು ಗಂಟೆ, ಸಣ್ಣ ಗುಂಪು, ಹದಿನೈದಕ್ಕಿಂತ ಜಾಸ್ತಿ ಹುಡುಗರಿಲ್ಲ. ನಡೆಸುವವರು ಆ ಹುಡುಗರು ಬೆಳೆದಂಥದೇ ಬಡಾವಣೆಗಳನ್ನು ಕಂಡ ಗಂಡಸರು.

ಅಲ್ಲಿನ ಮೊದಲ ಆಟಗಳಲ್ಲಿ ಒಂದನ್ನು ಕೇಳಿ. ಹುಡುಗರನ್ನು ಇಬ್ಬಿಬ್ಬರಾಗಿ ಕೂರಿಸುತ್ತಾರೆ. ಒಬ್ಬನ ಕೈಗೆ ಒಂದು ಚೆಂಡು. ಅವನು ಮುಷ್ಟಿ ಬಿಗಿಹಿಡಿಯಬೇಕು. ಇನ್ನೊಬ್ಬನಿಗೆ 30 ಸೆಕೆಂಡು, ಆ ಚೆಂಡನ್ನು ತೆಗೆದುಕೊಳ್ಳಬೇಕು. ಅಷ್ಟೇ ಹೇಳುವುದು. ಶುರು ಅಂದ ತಕ್ಷಣ ಕೈ ತಿರುಚುವುದು, ಬೆರಳು ಬಿಡಿಸುವುದು, ನೆಲಕ್ಕೆ ಕೆಡವುವುದು. ಕೋಣೆಯ ತುಂಬಾ ಗದ್ದಲ. ಆಮೇಲೆ ಅದಲು ಬದಲು. ಎರಡನೇ ಸಲವೂ ಅದೇ. ಎಲ್ಲ ಮುಗಿದ ಮೇಲೆ ನಡೆಸುವವರು ಒಂದು ಪ್ರಶ್ನೆ ಕೇಳುತ್ತಾರೆ: ಯಾರಾದರೂ ಬಾಯಿಬಿಟ್ಟು ಕೊಡು ಅಂತ ಕೇಳಿದಿರಾ? ಎಲ್ಲರೂ ಸುಮ್ಮನೆ. ಕೇಳಿದರೆ ಅವನು ನನ್ನನ್ನು ಪುಕ್ಕಲ ಅಂದುಕೊಳ್ಳುತ್ತಿದ್ದ ಅನ್ನುತ್ತಾನೆ ಒಬ್ಬ. ಆಗ ಚೆಂಡು ಹಿಡಿದಿದ್ದವನನ್ನು ಕೇಳುತ್ತಾರೆ, ಇವನು ಕೇಳಿದ್ದರೆ ಏನು ಮಾಡುತ್ತಿದ್ದೆ? ಕೊಡುತ್ತಿದ್ದೆ, ಬರೀ ಒಂದು ಚೆಂಡು ತಾನೇ ಅನ್ನುತ್ತಾನೆ ಅವನು.

ನಾನು ಇದನ್ನು ನಮ್ಮ ಕಡೆ ಗೋಲಿ ಇಟ್ಟು, ರಬ್ಬರ್ ಇಟ್ಟು ಆಡಿಸುತ್ತೇನೆ. ನಮ್ಮ ಹುಡುಗರ ಬಾಯಿಂದ ಬರುವ ಉತ್ತರ ಇನ್ನೂ ಖಾರ. "ಕೇಳೋಕೆ ನಾನೇನು ಬಳೆ ತೊಟ್ಕೊಂಡಿದ್ದೀನಾ ಮಿಸ್?" ಈ ಮಾತು ಬಂದಾಗ ಬೈಯಬೇಡಿ. ಅವರ ಒಳಗಿರುವ ಗಂಟು ಅದೇ, ಹೊರಗೆ ಬಂತಲ್ಲ ಅಂತ ಹಿಡಿದುಕೊಳ್ಳಿ. ಕೇಳುವುದು ಹೆಂಗಸರ ಕೆಲಸ, ಕಿತ್ತುಕೊಳ್ಳುವುದು ಗಂಡಸರ ಕೆಲಸ ಅಂತ ಅವರಿಗೆ ಯಾರು ಹೇಳಿದರು, ಎಲ್ಲಿ ನೋಡಿದರು, ಮನೆಯಲ್ಲಿ ಬಳೆ ತೊಟ್ಟವರು ಎಷ್ಟು ಗಟ್ಟಿಗರು ಅಂತ ಒಂದಿಡೀ ಪೀರಿಯಡ್ ಮಾತಾಡಬಹುದು. ಒಂದು ಶಾಲೆಯಲ್ಲಿ ಹೀಗೆ ಮಾತಾಡುವಾಗ ಒಬ್ಬ ಹುಡುಗ ಎದ್ದು ನಿಂತು, ಅಪ್ಪ ಬಿಟ್ಟುಹೋದ ಮೇಲೆ ಅಮ್ಮ ಒಬ್ಬಳೇ ಮೂವರನ್ನು ಸಾಕಿದ್ದನ್ನು ಹೇಳಿದ. ಆ ತರಗತಿಯಲ್ಲಿ ಆಮೇಲೆ ಬಳೆಯ ಮಾತು ಬರಲಿಲ್ಲ.

ಷಿಕಾಗೊದ ಫಲಿತಾಂಶವನ್ನೂ ಹೇಳಬೇಕು. 2009-10ರಲ್ಲಿ 2,740 ಹುಡುಗರ ಹೆಸರು ಹಿಡಿದು ಲಾಟರಿ ಎತ್ತಿದ ಹಾಗೆ ಕೆಲವರಿಗೆ ಕಾರ್ಯಕ್ರಮ ಕೊಟ್ಟರು, ಕೆಲವರಿಗೆ ಇಲ್ಲ. ಆ ವರ್ಷ ಕಾರ್ಯಕ್ರಮಕ್ಕೆ ಬಂದ ಹುಡುಗರಲ್ಲಿ ಹಿಂಸೆಯ ಅಪರಾಧಕ್ಕೆ ಬಂಧನವಾಗುವುದು ಸುಮಾರು 45 ಶೇಕಡಾ ಕಡಿಮೆಯಾಯಿತು. ಶಾಲೆ ಮುಗಿಸುವವರೂ ಹೆಚ್ಚಾದರು. ಅದೂ ಒಬ್ಬ ಹುಡುಗ ಸರಾಸರಿ 13 ಸಲ ಮಾತ್ರ ಬಂದು ಕೂತಿದ್ದಕ್ಕೆ. ಇಷ್ಟನ್ನು ಕೇಳಿ ನಾನು ಮೊದಲ ಸಲ ನಂಬಿರಲಿಲ್ಲ. ಆದರೆ ಇನ್ನೊಂದು ಮಾತೂ ಅಷ್ಟೇ ಮುಖ್ಯ. ಕಾರ್ಯಕ್ರಮ ನಿಂತ ಮರು ವರ್ಷ ಬಂಧನದ ಲೆಕ್ಕದಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇದು ಸಿಡುಬಿನ ಲಸಿಕೆಯ ಹಾಗೆ ಒಂದು ಸಲ ಚುಚ್ಚಿ ಮರೆಯುವಂಥದ್ದಲ್ಲ. ಓಟದ ಅಭ್ಯಾಸದ ಹಾಗೆ, ಬಿಟ್ಟರೆ ಬಿಟ್ಟಿತು. ನಿಮ್ಮ ಎಚ್.ಎಂ. ಕೊಟ್ಟ ವಾರಕ್ಕೊಂದು ಪೀರಿಯಡ್ ದೊಡ್ಡದು ಅಂದಿದ್ದು ಇದಕ್ಕೇ.

ಆ ಹುಡುಗರಲ್ಲಿ ಬದಲಾಗಿದ್ದು ಏನು? ಕೋಪ ಹೋಗಲಿಲ್ಲ. ಸಂಶೋಧಕರು ಕೆಣಕುವಂಥ ಒಂದು ಆಟ ಆಡಿಸಿ ನೋಡಿದಾಗ, ಕಾರ್ಯಕ್ರಮಕ್ಕೆ ಬಂದವರು ಉಳಿದವರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡು ಆಮೇಲೆ ತಿರುಗೇಟು ಕೊಡುವುದೋ ಬೇಡವೋ ಅಂತ ತೀರ್ಮಾನಿಸಿದರು. ಸಿಕ್ಕಿದ್ದು ಆ ಒಂದು ಚೂರು ನಿಧಾನ. ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿ ಯಾರೂ ಹುಡುಗರಿಗೆ 'ಎಂದೂ ಹೊಡೆಯಬೇಡ' ಅಂತ ಹೇಳಿಕೊಡುವುದಿಲ್ಲ. ಅವರು ಇರುವ ಬೀದಿ ಅವರಿಗೇ ಗೊತ್ತು. ನಿಂತು ನೋಡು, ಇದು ನಿಜವಾಗಿ ಯಾವ ಥರದ ಸಂದರ್ಭ ಅಂತ ನೋಡು, ಆಮೇಲೆ ಮಾಡು ಅಂತಾರೆ. ಹದಿಹರೆಯದವರು ಇದನ್ನು ಕೇಳುತ್ತಾರೆ. ಉಪದೇಶ ಕೇಳಲ್ಲ. ನಮ್ಮ ಮಕ್ಕಳಿಗೆ ಅಹಿಂಸೆಯ ವಚನ ಬಾಯಿಪಾಠ ಬರುತ್ತದೆ, ಅಕ್ಟೋಬರ್ 2ರಂದು ಭಾಷಣವನ್ನೂ ಮಾಡುತ್ತಾರೆ. ಹೊಡೆಯುವುದು ತಪ್ಪು ಅಂತ ಗೊತ್ತಿಲ್ಲದ ಒಬ್ಬನೇ ಒಬ್ಬ ಹುಡುಗ ನನಗೆ ಈವರೆಗೆ ಸಿಕ್ಕಿಲ್ಲ.

ಈಗ ನೋಡುವ ಕಣ್ಣುಗಳ ವಿಷಯ. ಹದಿಹರೆಯದವರು ಒಬ್ಬರೇ ಇದ್ದಾಗ ಮಾಡುವುದಕ್ಕೂ ಗೆಳೆಯರು ನೋಡುತ್ತಿರುವಾಗ ಮಾಡುವುದಕ್ಕೂ ತುಂಬಾ ವ್ಯತ್ಯಾಸ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಂಪ್ಯೂಟರ್ ಮೇಲೆ ಕಾರು ಓಡಿಸುವ ಆಟ ಆಡಿಸಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಅಪಾಯಕ್ಕೆ ಕೈ ಹಾಕಿದ್ದು ಎಷ್ಟೋ ಜಾಸ್ತಿ. ದೊಡ್ಡವರಲ್ಲಿ ಅಂಥ ಬದಲಾವಣೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸುತ್ತ ನಿಂತು ಮೊಬೈಲ್ ಹಿಡಿದಿದ್ದವರನ್ನು ನೆನೆಸಿಕೊಳ್ಳಿ. ಹೊಡೆದವರು ಇಬ್ಬರು ಮೂವರು ಇರಬಹುದು. ಆ ಜಗಳವನ್ನು ನಡೆಸಿದ್ದು ಸುತ್ತಲಿದ್ದವರು.

ಹಾಗಾದರೆ ಆ ಸುತ್ತಲಿನವರನ್ನೇ ಯಾಕೆ ಬಳಸಿಕೊಳ್ಳಬಾರದು? ನ್ಯೂಜೆರ್ಸಿಯ 56 ಶಾಲೆಗಳಲ್ಲಿ 2012-13ರಲ್ಲಿ ಇದನ್ನೇ ಮಾಡಿ ನೋಡಿದರು. ಮಕ್ಕಳನ್ನೆಲ್ಲ, ನೀನು ಯಾರ ಜೊತೆ ಹೆಚ್ಚು ಹೊತ್ತು ಕಳೆಯುತ್ತೀಯ ಅಂತ ಕೇಳಿ ಯಾರು ಯಾರಿಗೆ ಹತ್ತಿರ ಅಂತ ನಕ್ಷೆ ಮಾಡಿದರು. ಅರ್ಧ ಶಾಲೆಗಳಲ್ಲಿ 20ರಿಂದ 32 ಮಕ್ಕಳನ್ನು ಆರಿಸಿ, ನಿಮ್ಮ ಶಾಲೆಯಲ್ಲಿ ಯಾವ ಜಗಳ ನಿಮಗೆ ಬೇಸರ ತರುತ್ತದೆ, ಅದಕ್ಕೆ ನೀವು ಏನು ಮಾಡುತ್ತೀರಿ ಅಂತ ಅವರ ಕೈಗೇ ಬಿಟ್ಟರು. ಮಕ್ಕಳೇ ಪೋಸ್ಟರ್ ಮಾಡಿದರು. ಜಗಳ ಬಿಡಿಸಿದವರಿಗೆ, ಒಳ್ಳೆಯದಾಗಿ ನಡೆದುಕೊಂಡವರಿಗೆ ಕಿತ್ತಳೆ ಬಣ್ಣದ ಕೈಪಟ್ಟಿ ಕೊಟ್ಟರು. ವರ್ಷದ ಕೊನೆಗೆ ಆ ಶಾಲೆಗಳಲ್ಲಿ ಜಗಳದ ದೂರು ಸುಮಾರು 30 ಶೇಕಡಾ ಕಡಿಮೆ ಇತ್ತು. ಆರಿಸಿದ ಗುಂಪಿನಲ್ಲಿ ಉಳಿದ ಮಕ್ಕಳು ಕಣ್ಣಿಟ್ಟು ನೋಡುವಂಥವರು ಹೆಚ್ಚಿದ್ದ ಕಡೆ ಫಲವೂ ಹೆಚ್ಚು.

ಇಲ್ಲಿ ಶಿಕ್ಷಕರು ಒಂದು ತಪ್ಪು ಮಾಡುತ್ತಾರೆ, ನಾನು ತುಂಬಾ ಕಡೆ ನೋಡಿದ್ದೇನೆ. ಮೊದಲ ಬೆಂಚಿನ ಒಳ್ಳೆಯ ಮಕ್ಕಳನ್ನು, ಕ್ಲಾಸ್ ಲೀಡರನ್ನು ಆರಿಸುತ್ತಾರೆ. ಅವರು ಶಿಕ್ಷಕರಿಗೆ ಲೀಡರ್. ಹುಡುಗರು ಯಾರ ಹೇರ್‌ಕಟ್ ನೋಡಿ ತಾವೂ ಮಾಡಿಸಿಕೊಳ್ಳುತ್ತಾರೋ, ಯಾರು ನಕ್ಕರೆ ತಾವೂ ನಗುತ್ತಾರೋ, ಅವನು ಹಿಂದಿನ ಬೆಂಚಿನಲ್ಲಿರಬಹುದು. ಕಬಡ್ಡಿ ಟೀಮಿನ ಕ್ಯಾಪ್ಟನ್ ಇರಬಹುದು. ಎರಡು ಸಲ ಫೇಲಾದವನೂ ಇರಬಹುದು. ನಿಮ್ಮ ಗುಂಪಿನಲ್ಲಿ ಅವನು ಇರಲೇಬೇಕು. ಒಂದು ಚೀಟಿಯಲ್ಲಿ ಐದು ಹೆಸರು ಬರೆಯಲು ಹೇಳಿ, ಊಟದ ಹೊತ್ತಿನಲ್ಲಿ ಯಾರ ಜೊತೆ ಇರುತ್ತೀರಿ ಅಂತ. ಎಣಿಸಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹುಡುಗಿಯರನ್ನು ಬಿಡಬೇಡಿ. ಅವರ ಜಗಳಕ್ಕೆ ಹೊಲಿಗೆ ಬೀಳುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾತು ಬಿಡುವುದು, ಗ್ರೂಪಿನಿಂದ ತೆಗೆಯುವುದು, ಫೋಟೊ ಹಂಚುವುದು, ಇವೂ ಏಟುಗಳೇ.

ಇನ್ನೊಂದು ಮಾತು ನಿಮಗೆ ಸ್ವಲ್ಪ ಕಹಿ ಅನ್ನಿಸಬಹುದು, ಆದರೆ ಹೇಳಲೇಬೇಕು. ಈ ಪೀರಿಯಡ್ ಅನ್ನು ನೀವೊಬ್ಬರೇ ತೆಗೆದುಕೊಳ್ಳಬೇಡಿ.

ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳನ್ನು ತೆಗೆದುಕೊಂಡು ಸಂಗಾತ್ ಸಂಸ್ಥೆ 'ಸೆಹೆರ್' ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿ ನೋಡಿತ್ತು. ನಮ್ಮ ಶಾಲೆಗಳ ಹಾಗೇ ಇರುವ ಶಾಲೆಗಳು. ಪ್ರಾರ್ಥನೆಯ ಹೊತ್ತಿನಲ್ಲಿ ಮಾತುಕತೆ, ಗೋಡೆ ಪತ್ರಿಕೆ, ಮಕ್ಕಳು ಹೆಸರು ಹಾಕದೆ ಚೀಟಿ ಬರೆದು ಹಾಕುವ ಪೆಟ್ಟಿಗೆ, ಮಕ್ಕಳ ಗುಂಪು, ಬೇಕಾದವರಿಗೆ ಒಬ್ಬೊಬ್ಬರಾಗಿ ಸಮಾಲೋಚನೆ. ಒಂದಿಷ್ಟು ಶಾಲೆಗಳಲ್ಲಿ ಇದನ್ನು ನಡೆಸಲು ತರಬೇತಿ ಪಡೆದ ಹೊರಗಿನ ಒಬ್ಬ ಯುವ ಸಮಾಲೋಚಕರಿದ್ದರು. ಇನ್ನೊಂದಿಷ್ಟು ಶಾಲೆಗಳಲ್ಲಿ ಅದೇ ಕೆಲಸಕ್ಕೆ ಶಿಕ್ಷಕರೊಬ್ಬರಿಗೆ ತರಬೇತಿ ಕೊಟ್ಟಿದ್ದರು. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಗೋಳುಹೊಯ್ದುಕೊಳ್ಳುವುದು ಮತ್ತು ಹಿಂಸೆ ಕಡಿಮೆಯಾಯಿತು, ಮಕ್ಕಳ ಖಿನ್ನತೆಯೂ ಇಳಿಯಿತು. ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಹೆಚ್ಚುಕಡಿಮೆ ಏನೂ ಆಗಲಿಲ್ಲ.

ಶಿಕ್ಷಕರು ಮನಸ್ಸಿಟ್ಟು ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಪಾಠ, ಬಿಸಿಯೂಟ, ಜನಗಣತಿ, ಚುನಾವಣೆ ಕೆಲಸ, ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ, ಇದರ ಮೇಲೆ ಇದೂ ಒಂದು. ಜೊತೆಗೆ ಅಂಕ ಹಾಕುವವರ ಮುಂದೆ, ಮನೆಗೆ ಫೋನ್ ಮಾಡುವವರ ಮುಂದೆ ಹುಡುಗ ಮನಸ್ಸು ಬಿಚ್ಚುವುದು ಕಷ್ಟ. ನೀವು ಬೆಳಿಗ್ಗೆ ಹೋಂವರ್ಕ್ ಮಾಡಿಲ್ಲ ಅಂತ ನಿಲ್ಲಿಸಿದ ಹುಡುಗ ಮಧ್ಯಾಹ್ನ ನಿಮ್ಮ ಹತ್ತಿರ ಅಪ್ಪ ಕುಡಿದು ಹೊಡೆಯುವುದನ್ನು ಹೇಳುತ್ತಾನಾ?

ಹಾಗಾಗಿ ಜೊತೆಗೊಬ್ಬರನ್ನು ಹುಡುಕಿ. ನಿಮ್ಮ ಊರಿನ ಕಾಲೇಜಿನಲ್ಲಿ ಸಮಾಜಕಾರ್ಯ ಓದುತ್ತಿರುವವರು ಇರಬಹುದು. ನಿಮ್ಮದೇ ಶಾಲೆಯಲ್ಲಿ ಓದಿ ಈಗ ಕೆಲಸದಲ್ಲಿರುವ, ಹುಡುಗರು 'ಅಣ್ಣ' ಅಂತ ಕರೆಯುವ ಇಪ್ಪತ್ತೈದರ ಯುವಕ ಇರಬಹುದು. ತಾಳ್ಮೆ ಇದ್ದು, ಪ್ರತಿ ವಾರ ತಪ್ಪದೆ ಬರುವವರಾಗಬೇಕು. ತಪ್ಪದೆ ಬರುವುದು ಪದವಿಗಿಂತ ಮುಖ್ಯ. ಹದಿಹರೆಯದವರಿಗೆ ಜೀವನ ಕೌಶಲ ಕಲಿಸುವ ಪಾಠಗಳನ್ನು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದೆ, ಅವನ್ನು ತರಿಸಿಕೊಂಡು ಓದಿ. ನೀವು ಪಿ.ಟಿ. ಸರ್ ಜೊತೆ ಸೇರಿ ಜಾಗ ಮತ್ತು ಹೊತ್ತನ್ನು ಕಾಯಿರಿ. ಅದೇ ದೊಡ್ಡ ಕೆಲಸ. ಪರೀಕ್ಷೆ ಹತ್ತಿರ ಬಂದ ತಕ್ಷಣ ಮೊದಲು ಹೋಗುವುದು ಇಂಥ ಪೀರಿಯಡ್‌ಗಳೇ.

ಪೀರಿಯಡ್ ಒಳಗೆ ಏನು ಅಂತ ಕೇಳಿದ್ದೀರಿ. ಮೊದಲ ವಾರ ಗೋಲಿ ಆಟ. ಎರಡನೇ ವಾರ ನಾನು ಕ್ಯಾಮೆರಾ ಆಟ ಆಡಿಸುತ್ತೇನೆ. ನಿನ್ನ ಒಂದು ಜಗಳವನ್ನು ಗೋಡೆ ಮೇಲಿನ ಸಿಸಿ ಕ್ಯಾಮೆರಾ ನೋಡಿದ ಹಾಗೆ ಮಾತ್ರ ಹೇಳು. 'ಅವನು ಧಿಮಾಕಿನಿಂದ ಗುರಾಯಿಸಿದ' ಅಂದರೆ ನಿಲ್ಲಿಸಿ. ಕ್ಯಾಮೆರಾಗೆ ಧಿಮಾಕು ಕಾಣಲ್ಲ. ಅವನು ನನ್ನ ಕಡೆ ತಿರುಗಿದ, ಅಷ್ಟೇ ಕಾಣುತ್ತದೆ. ಉಳಿದದ್ದು ನಾನು ಸೇರಿಸಿದ್ದು. ಮೊದಮೊದಲು ಹುಡುಗರು ಒದ್ದಾಡುತ್ತಾರೆ, ನಾಲ್ಕನೆಯವನ ಹೊತ್ತಿಗೆ ಉಳಿದವರೇ 'ಕಟ್, ಕಟ್' ಅಂತ ಕೂಗುತ್ತಾರೆ. ಆ ಇನ್‌ಸ್ಟಾಗ್ರಾಂ ಕಮೆಂಟನ್ನೂ ಒಂದು ದಿನ ಹೀಗೇ ಬೋರ್ಡಿನ ಮೇಲೆ ಬರೆಸಿ. ಬರೆದವನ ಹೆಸರು ಬೇಡ. ಇದನ್ನು ಎಷ್ಟು ಥರ ಓದಬಹುದು ಅಂತ ಕೇಳಿ. ಫೋನಿನಲ್ಲಿ ದನಿ ಇರುವುದಿಲ್ಲ, ಮುಖ ಇರುವುದಿಲ್ಲ. ಎಲ್ಲವನ್ನೂ ಓದುವವನೇ ತುಂಬಿಕೊಳ್ಳುತ್ತಾನೆ.

ಆಮೇಲಿನ ವಾರಗಳಲ್ಲಿ ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯುವ ಮಾತುಗಳನ್ನು ಅವರಿಂದಲೇ ಹುಡುಕಿಸಿ. ದೊಡ್ಡವರು ಹೇಳಿಕೊಟ್ಟ 'ದಯವಿಟ್ಟು ಶಾಂತನಾಗು' ಅನ್ನುವ ಮಾತನ್ನು ಯಾವ ಹುಡುಗನೂ ಬಸ್ ಸ್ಟ್ಯಾಂಡಿನಲ್ಲಿ ಆಡುವುದಿಲ್ಲ. "ಬಿಡು ಮಗಾ, ನಾಳೆ ಮ್ಯಾಚ್ ಇದೆ" ಅಂತ ಆಡುತ್ತಾನೆ. ಒಂದು ಗುಂಪು ಹುಡುಗರು ನನ್ನ ಮುಂದೆ ಇಂಥ ಹದಿನೇಳು ಮಾತು ಪಟ್ಟಿ ಮಾಡಿದ್ದರು. ಅದರಲ್ಲಿ ಅವರಿಗೆ ತುಂಬಾ ಇಷ್ಟವಾದದ್ದು ಸುಮ್ನೆ ಫೋನ್ ಕಿವಿಗೆ ಇಟ್ಟುಕೊಂಡು "ಬಂದೆ ಅಪ್ಪಾ" ಅಂತ ನಡೆದುಬಿಡುವುದು. ಇವನ್ನು ಆಡಿಸಿ ನೋಡಬೇಕು, ಬರೆಸಿದರೆ ಸಾಲದು. ನಾಲ್ಕು ಜನ ಸುತ್ತ ನಿಂತು ಕಿಚಾಯಿಸಲಿ, ಅದರ ನಡುವೆ ಅವನು ಹೇಳಲಿ. ಸುತ್ತ ನಿಂತವರ ಪಾಲೂ ಇದೆ. ಮೊಬೈಲ್ ಕೆಳಗಿಳಿಸುವುದು, ಗೆಳೆಯನ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡು ಹೋಗುವುದನ್ನು ಅವರೂ ಅಭ್ಯಾಸ ಮಾಡಲಿ.

ಎರಡು ಕಡೆ ಎಚ್ಚರ ಬೇಕು. ಒಂದು, ರಾಜಿ ಪಂಚಾಯಿತಿ. ಸರಿಸಮ ಬಲದ ಇಬ್ಬರು ಜಗಳವಾಡಿದರೆ ಎದುರುಬದುರು ಕೂರಿಸಬಹುದು. ಒಬ್ಬ ಹುಡುಗನನ್ನು ದಿನವೂ ಗೋಳುಹೊಯ್ದುಕೊಳ್ಳುತ್ತಿದ್ದರೆ, ಜಾತಿ ಹಿಡಿದು ಅವಮಾನ ಮಾಡಿದ್ದರೆ, ಹುಡುಗಿಗೆ ತೊಂದರೆ ಕೊಟ್ಟಿದ್ದರೆ ಕೈಕುಲುಕಿಸಿ ಮುಗಿಸಬೇಡಿ. ಅದು ಏಟು ತಿಂದವರಿಗೆ ಇನ್ನೊಂದು ಏಟು. ಅಂಥ ಕಡೆ ಕಾನೂನು ಇದೆ, ನಿಮಗೆ ಕರ್ತವ್ಯವೂ ಇದೆ. ಅಹಿಂಸೆ ಅಂದರೆ ಸಹಿಸಿಕೊಂಡು ಸುಮ್ಮನಿರು ಅಂತ ಮಕ್ಕಳಿಗೆ ಯಾವತ್ತೂ ಅನ್ನಿಸಬಾರದು. ಖಮೀಸಾ ಅವರ ಕ್ಷಮೆಯ ಕಥೆ ಹೇಳುವಾಗಲೂ ಈ ಎಚ್ಚರ ಇರಲಿ. ಅವರು ಯಾರ ಒತ್ತಾಯಕ್ಕೂ ಕ್ಷಮಿಸಲಿಲ್ಲ.

ಎರಡು, ಬೆತ್ತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಹಾಗಿದ್ದೂ ಸ್ಟಾಫ್ ರೂಮಿನಲ್ಲಿ ಒಂದು ಕೋಲು ಇದ್ದೇ ಇರುತ್ತದೆ, ಅಲ್ವಾ? ಪಕ್ಕದ ಕೋಣೆಯಿಂದ ಏಟಿನ ಸದ್ದು ಕೇಳುತ್ತಿರುವಾಗ ಈ ಪೀರಿಯಡ್ ನಡೆಯುವುದಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಇದನ್ನೇ ಎತ್ತಿ. ನಿಮಗೆ ಕಷ್ಟ ಆಗುತ್ತದೆ, ಗೊತ್ತು. ಎಚ್.ಎಂ. ಬಾಯಿಂದ ಬಂದರೆ ಸುಲಭ.

ಮಗು ಮನೆಯಲ್ಲಿನ ಹೊಡೆತದ ಬಗ್ಗೆ ಹೇಳಿದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳ ಸಹಾಯವಾಣಿ. ಸಾಯಬೇಕು ಅನ್ನಿಸುತ್ತದೆ ಅಂದರೆ, ನಿದ್ದೆ ಬಿಟ್ಟು ಒಳಗೊಳಗೇ ಕುದಿಯುತ್ತಿದ್ದರೆ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಬ್ಯಾಗಿನಲ್ಲಿ ಚಾಕು ಗೀಕು ಕಂಡರೆ ಪೀರಿಯಡ್‌ವರೆಗೆ ಕಾಯಬೇಡಿ, ಅವತ್ತೇ ಎಚ್.ಎಂ. ಮತ್ತು ಮನೆಯವರ ಜೊತೆ ಕೂರಬೇಕು.

ಕೊನೆಯದಾಗಿ ಬಸ್ ಸ್ಟ್ಯಾಂಡಿನಲ್ಲಿ ಏಟು ತಿಂದವನು ಮತ್ತು ಹೊಡೆದವನು, ಆ ಇಬ್ಬರು ಹುಡುಗರು. ಕಾರ್ಯಕ್ರಮ ಶುರುವಾಗುವ ಮುಂಚೆ ಅವರ ಹತ್ತಿರ ಹೋಗಿ. ಹೊಲಿಗೆ ಬಿದ್ದವನು ಶಾಲೆಗೆ ವಾಪಸ್ ಬಂದಾಗ ತರಗತಿಯಲ್ಲಿ ಯಾರೂ ಅವನ ತಲೆಯ ಪಟ್ಟಿಯ ಬಗ್ಗೆ ತಮಾಷೆ ಮಾಡದ ಹಾಗೆ ನೋಡಿಕೊಳ್ಳಿ. ಸೇಡಿನ ಯೋಚನೆ ಹುಟ್ಟುವುದು ಆ ನಗುವಿನಲ್ಲೇ. ಅವನಿಗೆ ಏನಾದರೆ ಸರಿಹೋಯಿತು ಅನ್ನಿಸುತ್ತದೆ ಅಂತ ಅವನನ್ನೇ ಕೇಳಿ. ಆಸ್ಪತ್ರೆ ಖರ್ಚು ಇರಬಹುದು, ಎಲ್ಲರ ಮುಂದೆ ಒಂದು ಮಾತು ಇರಬಹುದು, ಏನೂ ಬೇಡ ಅನ್ನಲೂಬಹುದು. ಹೊಡೆದವನನ್ನು 'ಯಾಕೋ ಹೊಡೆದೆ' ಅಂತ ಕೇಳಬೇಡಿ. ಆ ಪ್ರಶ್ನೆಯನ್ನು ಅವನಿಗೆ ಈಗಾಗಲೇ ಇಪ್ಪತ್ತು ಸಲ ಕೇಳಿದ್ದಾರೆ, ಉತ್ತರ ಬಾಯಿಪಾಠ ಆಗಿದೆ. ಏನಾಯಿತು, ಆಗ ನಿನ್ನ ತಲೆಯಲ್ಲಿ ಏನು ಓಡುತ್ತಿತ್ತು, ಇದರಿಂದ ಯಾರ್‍ಯಾರಿಗೆ ನೋವಾಗಿದೆ, ಸರಿಮಾಡಲು ನಿನ್ನ ಕೈಲಿ ಏನಾಗುತ್ತದೆ. ಈ ನಾಲ್ಕನ್ನು ನಿಧಾನವಾಗಿ ಕೇಳಿ, ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಅವನನ್ನು ಟೀಸಿ ಕೊಟ್ಟು ಕಳಿಸಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ ಮೇಡಂ. ಶಾಲೆ ಬಿಟ್ಟ ಹುಡುಗನಿಗೆ 'ಹೊಡಿ' ಅನ್ನುವ ದೊಡ್ಡವನು ಬೀದಿಯಲ್ಲಿ ಸಿಗುತ್ತಾನೆ.

ಗೋಲಿ ಆಟವನ್ನು ಮೂರು ತಿಂಗಳಾದ ಮೇಲೆ ಬೇರೆ ವಸ್ತು ಇಟ್ಟು ಇನ್ನೊಮ್ಮೆ ಆಡಿಸಿ. ಎಷ್ಟು ಜನ ಕೇಳಿ ತೆಗೆದುಕೊಂಡರು ಅಂತ ನನಗೆ ಬರೆದು ತಿಳಿಸಿ.